ಇನ್‌ಸ್ಟಾಲ್ ಆಗದ ಪ್ಯಾಕೇಜಿನ ಬೆನ್ನು ಹತ್ತಿ

ಲಿನಕ್ಸ್‌ನ ಡೆಬಿಯನ್ ಅಥವಾ ಉಬುಂಟು ಬಳಸಿದವರು ಈ ಪಾಡು ಪಟ್ಟೇ ಇರುತ್ತಾರೆ. ಯಾವುದೋ ಸಣ್ಣ ತಂತ್ರಾಂಶ ಹಾಕಿಕೊಳ್ಳಲು ಹೋದರೆ, ಅದಕ್ಕೆ ಇಂಥದ್ದೊಂದು ಲೈಬ್ರರಿ ಬೇಕು, ಬೇಕಾದ ಆವೃತ್ತಿ ಬೇರೆ, ಇಲ್ಲಿರುವುದು ಬೇರೆ ಎಂದು ನಾಲ್ಕು ಸಾಲು ಬರೆದು ಕಂಪ್ಯೂಟರ್ ಕೈಚೆಲ್ಲಿ ಕೂರುತ್ತದೆ. ನಿಜಕ್ಕೂ ದಾರಿಯೇ ಇರಲಿಲ್ಲವೋ, ದಾರಿ ಇದ್ದೂ ಅದಕ್ಕೆ ಕಾಣಲಿಲ್ಲವೋ? ಬಹಳ ವರ್ಷ ಈ ಪ್ರಶ್ನೆಯನ್ನು ಕೆದಕುವ ಗೋಜಿಗೆ ಹೋದವರು ಕಡಿಮೆ. ಕೆದಕಿದಾಗ ಸಿಕ್ಕಿದ್ದು ಮಾತ್ರ ತರ್ಕಶಾಸ್ತ್ರದ ಅತ್ಯಂತ ಹೆಸರುವಾಸಿ ಒಗಟು.

ಪ್ಯಾಕೇಜುಗಳ ಕಾಲಕ್ಕೂ ಮೊದಲು ತಂತ್ರಾಂಶದ ಮೂಲ ಸಂಕೇತವನ್ನೇ ತಂದು ಕಂಪೈಲ್ ಮಾಡಬೇಕಿತ್ತು. 1991ರಲ್ಲಿ ಡೇವಿಡ್ ಮೆಕೆನ್ಜಿ ಗ್ನೂ ಸಲಕರಣೆಗಳಿಗಾಗಿ ಪುಟ್ಟದೊಂದು ಶೆಲ್ ಸ್ಕ್ರಿಪ್ಟ್ ಬರೆದರು. ಅದೇ ಬೆಳೆದು ಆಟೋಕಾನ್ಫ್ ಆಯಿತು. ಅದು ಹುಟ್ಟಿಸುವ ‘ಕಾನ್ಫಿಗರ್’ ಎಂಬ ಕಡತವನ್ನು ಓಡಿಸಿದರೆ ಈ ಲೈಬ್ರರಿ ಇದೆಯೇ, ಆ ಫಂಕ್ಷನ್ ಇದೆಯೇ ಎಂದು ಒಂದೊಂದನ್ನೇ ಪರೀಕ್ಷಿಸುತ್ತ ಹೋಗುತ್ತದೆ. ಹೆಸರು, ನಂಬರು ನೋಡಿ ನಂಬುವ ಜಾಯಮಾನ ಅದರದಲ್ಲ. ಹೆಚ್ಚಿನ ಕಡೆ ನಾಲ್ಕು ಸಾಲಿನ ಪ್ರೋಗ್ರಾಮೊಂದನ್ನು ಅಲ್ಲೇ ಬರೆದು ಕಂಪೈಲ್ ಮಾಡಿ ನೋಡುತ್ತದೆ. ಬುದ್ಧಿವಂತಿಕೆಯ ಕೆಲಸವೇ. ಆದರೆ ‘ಇಲ್ಲ’ ಎಂದು ಹೇಳಿದ ಮೇಲೆ ಅದರ ಹೊಣೆ ಮುಗಿಯಿತು. ಇಲ್ಲದ್ದನ್ನು ಹುಡುಕಿ ತರುವುದು, ಅದಕ್ಕೆ ಮತ್ತೇನು ಬೇಕೋ ಅದನ್ನೂ ತರುವುದು ನಮ್ಮ ಪಾಡು.

ಈ ಪಾಡನ್ನು ತಪ್ಪಿಸಲು ಹೊರಟವರಲ್ಲಿ 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯೂ ಒಂದು. ಅಲ್ಲಿ ಪ್ರತಿ ಪ್ಯಾಕೇಜಿನ ಜೊತೆಗೂ ಒಂದು ಚೀಟಿ ಇರುತ್ತದೆ. ನನಗೆ ಇಂಥವು ಬೇಕು, ಇಷ್ಟನೇ ಆವೃತ್ತಿಗಿಂತ ಹಳೆಯದಾದರೆ ಆಗದು, ಇಂಥವು ಇದ್ದಲ್ಲಿ ನಾನಿರೆ ಎಂದು ಅದರಲ್ಲಿ ಬರೆದಿರುತ್ತದೆ. ಆವೃತ್ತಿಗಳನ್ನು ಹೋಲಿಸುವುದು ಕೂಡ ಅಂದುಕೊಂಡಷ್ಟು ಹಗುರವಲ್ಲ. 1.10 ದೊಡ್ಡದೋ 1.9 ದೊಡ್ಡದೋ? ದಶಮಾಂಶ ಸಂಖ್ಯೆಯೆಂದು ಓದಿದರೆ 1.9, ಅಕ್ಷರಮಾಲೆಯಂತೆ ಜೋಡಿಸಿದರೂ 1.9. ತಂತ್ರಾಂಶ ಬರೆದವರ ಲೆಕ್ಕದಲ್ಲಿ ಮಾತ್ರ ಒಂಬತ್ತಾದ ಮೇಲೆ ಹತ್ತು. ಅದಕ್ಕೇ ಡೆಬಿಯನ್ನಿನ ‘ಡಿಪಿಕೆಜಿ’ ಎಂಬ ಪ್ಯಾಕೇಜ್ ಸಲಕರಣೆಯು ಆವೃತ್ತಿಯ ಅಂಕಿಗಳನ್ನೂ ಅಂಕಿಯಲ್ಲದ ಚಿಹ್ನೆಗಳನ್ನೂ ಬಿಡಿಬಿಡಿಯಾಗಿ ತುಂಡರಿಸಿ ಎಡದಿಂದ ಒಂದೊಂದೇ ತುಂಡನ್ನು ತೂಗುತ್ತದೆ. ‘2.0~ಆರ್‌ಸಿ1’ ಎಂದಿದ್ದರೆ ಆ ಸುಳಿಗೆರೆಯ ದೆಸೆಯಿಂದ ಅದು 2.0ಕ್ಕಿಂತ ಹಳೆಯದು, ಬಿಡುಗಡೆಗೆ ಮುಂಚಿನ ಕರಡು. ಇಷ್ಟು ಹಳೆಯ ಪಾಠವನ್ನು ಲೋಕ ಮರೆಯುತ್ತಲೇ ಇರುತ್ತದೆ. 2021ರಲ್ಲಿ ಪೈಥಾನ್ 3.10 ಬಂದಾಗ ಅದನ್ನು 3.1 ಎಂದು ಓದಿಕೊಂಡು ಎಡವಿದ ಸ್ಕ್ರಿಪ್ಟುಗಳಿಗೇನೂ ಬರವಿರಲಿಲ್ಲ.

ಡಿಪಿಕೆಜಿ ಚೀಟಿ ಓದಿ ಸರಿ, ತಪ್ಪು ಹೇಳುತ್ತಿತ್ತು, ಅಷ್ಟೆ. ಬೇಕಾದ್ದನ್ನು ತಾನೇ ಹುಡುಕಿ ಇಳಿಸಿಕೊಳ್ಳುವ ಎಪಿಟಿ 1999ರ ಡೆಬಿಯನ್ 2.1ರ ಜೊತೆ ಬಂತು. ಆಗ ಇದ್ದದ್ದು 2,250ರ ಆಸುಪಾಸು ಪ್ಯಾಕೇಜು. ಎರಡು ಪ್ಯಾಕೇಜುಗಳಿಗೆ ಜಗಳ ಬಿದ್ದರೆ ಎಪಿಟಿ ಎರಡಕ್ಕೂ ಅಂಕ ಕೊಟ್ಟು ಕಡಿಮೆ ಅಂಕದ್ದನ್ನು ಬಿಡುತ್ತಿತ್ತು. ‘ಇದು, ಇಲ್ಲವೇ ಅದು’ ಎಂದು ಆಯ್ಕೆಯಿದ್ದರೆ ಸಾಮಾನ್ಯವಾಗಿ ಮೊದಲನೆಯದಕ್ಕೆ ಕೈಹಾಕುತ್ತಿತ್ತು. ಅನುಭವಸ್ಥರ ಊಹೆ ಇದ್ದ ಹಾಗೆ, ಬಹುತೇಕ ಸಲ ಫಲಿಸುತ್ತಿತ್ತು. 2005ರಲ್ಲಿ ಡೆಬಿಯನ್ 3.1 ಬರುವ ವೇಳೆಗೆ ಪ್ಯಾಕೇಜುಗಳು 15,000 ದಾಟಿದ್ದವು. ಊಹೆಗೆ ನಿಲುಕುವ ಗಾತ್ರ ಅದಾಗಿರಲಿಲ್ಲ.

ಅದೇ ವರ್ಷ ಎರಡು ಕಡೆ ಈ ಪ್ರಶ್ನೆಯನ್ನು ಗಣಿತದ ಮುಂದಿಟ್ಟರು. ಆಪ್ಟಿಟ್ಯೂಡ್ ಎಂಬ ಪ್ಯಾಕೇಜ್ ನಿರ್ವಾಹಕವನ್ನು ಬರೆದ ಡೇನಿಯಲ್ ಬರೋಸ್ ಒಬ್ಬರು. ರೊಬೆರ್ಟೊ ಡಿ ಕಾಸ್ಮೊ ಮುಂದಾಳಾಗಿದ್ದ, ಯುರೋಪಿನ ‘ಎಡೋಸ್’ ಯೋಜನೆಯ ತಂಡ ಇನ್ನೊಂದು. ಓಕ್ಯಾಮಲ್ ಭಾಷೆಯ ಕ್ಸೇವಿಯೇ ಲೆರ್ವಾ ಕೂಡ ಆ ತಂಡದಲ್ಲಿದ್ದರು. ಇಬ್ಬರಿಗೂ ಸಿಕ್ಕ ಉತ್ತರ ಒಂದೇ: ಪ್ಯಾಕೇಜ್ ಜೋಡಿಸುವುದು ಎನ್‌ಪಿ-ಕಂಪ್ಲೀಟ್. ಅಂದರೆ ಎಲ್ಲ ಸಂದರ್ಭಕ್ಕೂ ಬೇಗನೆ ಉತ್ತರ ಕೊಡುವ ವಿಧಾನ ಈವರೆಗೆ ಯಾರಿಗೂ ಸಿಕ್ಕಿಲ್ಲದ ಗಡಸು ಪ್ರಶ್ನೆ. ಹೌದು, ಅಲ್ಲ ಎಂಬ ಎರಡೇ ಬೆಲೆಯ ಅಂಶಗಳಿಗೆ ಎಲ್ಲ ಷರತ್ತೂ ಈಡೇರುವಂತೆ ಬೆಲೆ ಹಂಚಲಾದೀತೇ ಎಂದು ಕೇಳುವ ‘ಸ್ಯಾಟ್’ ಒಗಟಿನ ಜಾತಿಗೆ ಸೇರಿದ್ದು. ಆ ಒಗಟಿನ ಗಡಸುತನವನ್ನು 1971ರಲ್ಲೇ ಸ್ಟೀಫನ್ ಕುಕ್ ತೋರಿಸಿಕೊಟ್ಟಿದ್ದರು.

ಪ್ಯಾಕೇಜಿನ ಪ್ರಶ್ನೆಯೂ ಅಷ್ಟೇ ಗಡಸು ಎಂಬುದರ ಸಾಧನೆಯ ಎಳೆ ಹಿಡಿಯುವುದು ಕಷ್ಟವಲ್ಲ. ಅ, ಆ, ಇ ಎಂಬ ಮೂರು ಅಂಶಗಳಿವೆ ಎನ್ನಿ. ಒಂದೊಂದನ್ನೂ ಒಂದೊಂದು ಪ್ಯಾಕೇಜ್ ಮಾಡಿ, ಪ್ರತಿಯೊಂದಕ್ಕೂ ಎರಡು ಆವೃತ್ತಿ ಕೊಡಿ: 1 ಎಂದರೆ ಹೌದು, 0 ಎಂದರೆ ಅಲ್ಲ. ಒಂದೇ ಪ್ಯಾಕೇಜಿನ ಎರಡು ಆವೃತ್ತಿ ಒಟ್ಟಿಗೆ ಕೂರುವಂತಿಲ್ಲ, ಹಾಗಾಗಿ ಒಂದೇ ಅಂಶಕ್ಕೆ ಹೌದು, ಅಲ್ಲ ಎರಡನ್ನೂ ಹೇಳುವ ಹಾಗಿಲ್ಲ. ಇನ್ನು ‘ಅ ಹೌದು, ಇಲ್ಲವೇ ಆ ಹೌದು, ಇಲ್ಲವೇ ಇ ಅಲ್ಲ’ ಎಂಬ ಷರತ್ತು ಬಂತು. ಅದನ್ನೂ ಒಂದು ಪ್ಯಾಕೇಜ್ ಮಾಡಿ, ಅ-1, ಆ-1, ಇ-0 ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಸಾಕು ಎಂದು ಅದರ ಚೀಟಿಯಲ್ಲಿ ಬರೆಯಿರಿ. ಷರತ್ತು ನೂರಿದ್ದರೆ ಇಂಥವು ನೂರು. ಕೊನೆಗೆ ಆ ನೂರೂ ಬೇಕೆನ್ನುವ ಒಂದು ಪ್ಯಾಕೇಜ್ ಮಾಡಿ, ಅದನ್ನು ಇನ್‌ಸ್ಟಾಲ್ ಮಾಡಲು ಎಪಿಟಿಗೆ ಹೇಳಿ. ಇನ್‌ಸ್ಟಾಲ್ ಆಗಲು ದಾರಿಯಿದೆ ಎಂದರೆ ಒಗಟಿಗೆ ಉತ್ತರವಿದೆ, ಇಲ್ಲವೆಂದರೆ ಇಲ್ಲ. ಯಾವ ಒಗಟನ್ನು ಬೇಕಾದರೂ ಹೀಗೆ ಪ್ಯಾಕೇಜುಗಳ ವೇಷ ಹಾಕಿ ಕೂರಿಸಬಹುದು. ಆದ್ದರಿಂದ ಪ್ಯಾಕೇಜ್ ನಿರ್ವಾಹಕವೊಂದು ಎಲ್ಲ ಸಂದರ್ಭದಲ್ಲೂ ತಪ್ಪದೆ, ಬೇಗನೆ ಉತ್ತರ ಹೇಳಬಲ್ಲದಾದರೆ ಅದು ಲೋಕದ ಸ್ಯಾಟ್ ಒಗಟುಗಳನ್ನೆಲ್ಲ ಬಿಡಿಸಿದಂತೆ.

ಗಡಸುತನ ಹೊಕ್ಕಿರುವ ಜಾಗವೂ ಇಲ್ಲೇ ಕಾಣುತ್ತದೆ. ‘ಬೇಕು’ಗಳಷ್ಟೇ ಇದ್ದರೆ ಕಷ್ಟವಿಲ್ಲ, ಕೇಳಿದ್ದನ್ನೆಲ್ಲ ತಂದು ಸುರಿದರಾಯಿತು. ‘ಇದು ಇಲ್ಲವೇ ಅದು’ ಎಂಬ ಆಯ್ಕೆಯೊಂದೇ ಇದ್ದರೂ ಕಷ್ಟವಿಲ್ಲ, ಎರಡನ್ನೂ ತರಬಹುದು. ಆಯ್ಕೆಯಿಲ್ಲದೆ ಬರೀ ಜಗಳವಿದ್ದರೂ ಸರಿ, ಉತ್ತರ ಕೂಡಲೇ ತಿಳಿಯುತ್ತದೆ. ‘ಅವರು ಬಂದರೆ ನಾವು ಬರೋಲ್ಲ’ ಎನ್ನುವ ನೆಂಟರೂ ‘ಇಬ್ಬರಲ್ಲಿ ಒಬ್ಬರಾದರೂ ಬರಲೇಬೇಕು’ ಎನ್ನುವ ಹಿರಿಯರೂ ಒಂದೇ ಮದುವೆ ಮನೆಯಲ್ಲಿ ಸೇರಿದಾಗ ಮಾತ್ರ ಕರೆಯೋಲೆಯ ಪಟ್ಟಿ ತಲೆನೋವಾಗುತ್ತದೆ. ಪ್ಯಾಕೇಜುಗಳಿಗೆ ಈ ಎರಡೂ ಹುಟ್ಟಿನಿಂದಲೇ ಅಂಟಿವೆ: ಆವೃತ್ತಿ ಹಲವಾದ್ದರಿಂದ ಆಯ್ಕೆ, ಕೂರುವುದು ಒಂದೇ ಆದ್ದರಿಂದ ಜಗಳ.

ಇಷ್ಟು ಗೊತ್ತಾದ ಮೇಲೆ ಸೋತೆವೆಂದು ಎದ್ದು ಹೋಗಬಹುದಿತ್ತು. ಎಡೋಸ್ ತಂಡದವರು ಹಾಗೆ ಮಾಡಲಿಲ್ಲ, ನನ್ನ ಮಟ್ಟಿಗೆ ನಿಜವಾದ ಆವಿಷ್ಕಾರ ಇದೇ. ಪ್ಯಾಕೇಜಿನ ಪ್ರಶ್ನೆ ಸ್ಯಾಟ್ ಒಗಟೇ ಆಗಿದ್ದರೆ, ಸ್ಯಾಟ್ ಬಿಡಿಸಲೆಂದು ಬೇರೆಯವರು ಮಾಡಿಟ್ಟ ಹತ್ಯಾರಗಳನ್ನೇ ಇಲ್ಲಿಗೆ ತರಬಹುದಲ್ಲ? ಡೇವಿಸ್ ಮತ್ತು ಪಟ್ನಮ್ 1960ರಲ್ಲೇ ಒಂದು ವಿಧಾನ ಕೊಟ್ಟಿದ್ದರು. ಪ್ರಿನ್ಸ್‌ಟನ್ನಿನ ಶರದ್ ಮಲಿಕ್ ತಂಡದ ‘ಚಾಫ್’ 2001ರಲ್ಲಿ ಆ ದಾರಿಯ ವೇಗವನ್ನು ಎಷ್ಟೋ ಪಟ್ಟು ಹೆಚ್ಚಿಸಿತ್ತು. ಚಿಪ್‌ಗಳ ವಿನ್ಯಾಸದಲ್ಲಿ ತಪ್ಪು ಹಿಡಿಯಲು ಅಂಥವು ಆಗಲೇ ದುಡಿಯುತ್ತಿದ್ದವು. ಎಡೋಸ್ ತಂಡ ಡೆಬಿಯನ್ನಿನ ಚೀಟಿಗಳನ್ನು ಷರತ್ತುಗಳಾಗಿ ಬರೆದು ಬಿಡಿಸಿ ನೋಡಿತು. ಹೆದರಿದ್ದು ಸುಳ್ಳಾಯಿತು, ಉತ್ತರಗಳು ಬೇಗಬೇಗನೆ ಬಂದವು. ಎನ್‌ಪಿ-ಕಂಪ್ಲೀಟ್ ಎಂಬುದು ಅತಿ ಕೆಟ್ಟ ಸಂದರ್ಭದ ಮಾತು. ಮನುಷ್ಯರು ಬರೆದ ಪ್ಯಾಕೇಜುಗಳು ಬೇಕೆಂದೇ ಹೆಣೆದ ಒಗಟುಗಳಲ್ಲ. ಭಂಡಾರದಲ್ಲೇ ಇದ್ದೂ ಯಾರ ಕಂಪ್ಯೂಟರಿಗೂ ಯಾವ ರೀತಿಯಿಂದಲೂ ಇನ್‌ಸ್ಟಾಲ್ ಆಗಲಾರದ ಪ್ಯಾಕೇಜುಗಳೂ ಹೊರಬಿದ್ದವು. ಜೆರೋಮ್ ವೂಯೋಂ ಬರೆದ ಆ ತಪಾಸಣೆಯ ಸಲಕರಣೆಯ ವಂಶಜವನ್ನು ಡೆಬಿಯನ್ ಇಂದಿಗೂ ಬಳಸುತ್ತದೆ.

ಜನಸಾಮಾನ್ಯರ ಕಂಪ್ಯೂಟರಿಗೆ ಈ ಸ್ಯಾಟ್ ವಿಧಾನ ಬಂದದ್ದು ಜರ್ಮನಿಯಿಂದ. 2006ರ ಮೇನಲ್ಲಿ ಬಿಡುಗಡೆಯಾದ ಸುಸೆ ಲಿನಕ್ಸ್ 10.1ರಲ್ಲಿ ಪ್ಯಾಕೇಜ್ ಹಾಕುವುದು ತೀರಾ ನಿಧಾನ ಎಂದು ಬಳಕೆದಾರರು ರೇಗಿದ್ದರು. ಸುಸೆಯ ಮೈಕೆಲ್ ಶ್ರೋಡರ್ ಸ್ಯಾಟ್ ವಿಧಾನದ ಹೊಸ ಪರಿಹಾರಕ ಕಟ್ಟಿದರು. 2008ರ ಜೂನ್‌ನ ಓಪನ್‌ಸುಸೆ 11.0 ಅದನ್ನು ಹೊತ್ತು ಬಂತು, ಕಾಯುವ ಕಾಟ ಬಹುಪಾಲು ಹೋಯಿತು. ಮುಂದೆ ‘ಲಿಬ್‌ಸಾಲ್ವ್’ ಆದ ಅದನ್ನೇ ಪ್ರತಿಸ್ಪರ್ಧಿ ಫೆಡೋರಾ ಕೂಡ ತನ್ನ ಪ್ಯಾಕೇಜ್ ನಿರ್ವಾಹಕವಾದ ಡಿಎನ್‌ಎಫ್‌ನಲ್ಲಿ ಕೂರಿಸಿಕೊಂಡಿತು.

ಉತ್ತರ ಸಿಕ್ಕಾಗ ಸರಿ, ಸಿಗದಾಗ? ಇಲ್ಲ ಎಂದು ಖಚಿತವಾಗಿ ಹೇಳುವ ಯಂತ್ರ ಏಕೆ ಇಲ್ಲ ಎಂದು ಹೇಳದಿದ್ದರೆ ಬಳಸುವವನಿಗೆ ಹಳೆಯ ಗೋಳೇ. ಡಾರ್ಟ್ ಭಾಷೆಗಾಗಿ ನಟಾಲಿ ವೈಜೆನ್‌ಬಾಮ್ 2018ರಲ್ಲಿ ಹೊರತಂದ ‘ಪಬ್‌ಗ್ರಬ್’ ಈ ಕೊರತೆ ತುಂಬಿತು. ದಾರಿ ಮುಚ್ಚಿದಾಗಲೆಲ್ಲ ಅದಕ್ಕೆ ಕಾರಣವಾದ ಜೋಡಿಯನ್ನು ಅದು ನೆನಪಿಟ್ಟುಕೊಂಡು, ಕೊನೆಗೆ ‘ಇದಕ್ಕೆ ಅದು ಬೇಕು, ಅದಕ್ಕೆ ಇನ್ನೊಂದರ 2ನೇ ಆವೃತ್ತಿ ಬೇಕು, ನೀವು ಕೇಳಿದ್ದು 1ನೆಯದು, ಆದ್ದರಿಂದ ಆಗದು’ ಎಂದು ಮನುಷ್ಯರ ಮಾತಿನಲ್ಲಿ ಬಿಡಿಸಿ ಹೇಳುತ್ತದೆ.

ಅದೇ ವರ್ಷ ಗೋ ಭಾಷೆಯ ರಸ್ ಕಾಕ್ಸ್ ಒಗಟನ್ನು ಬಿಡಿಸುವ ಬದಲು ಒಗಟೇ ಹುಟ್ಟದಂತೆ ಮಾಡುವ ಪ್ರಸ್ತಾಪ ಮುಂದಿಟ್ಟರು. ಇಂಥ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಬೇಕು ಎಂದಷ್ಟೇ ಪ್ಯಾಕೇಜ್ ಹೇಳಬೇಕು. ಇದಕ್ಕಿಂತ ಹೊಸದು ಬೇಡ ಎನ್ನುವ ಹಾಗಿಲ್ಲ. ‘ಬೇಡ’ ಹೋದ ಮೇಲೆ ಎಲ್ಲರೂ ಕೇಳಿದ ಕನಿಷ್ಠಗಳಲ್ಲಿ ದೊಡ್ಡದನ್ನು ಆರಿಸಿದರೆ ಮುಗಿಯಿತು. ಬಿಗಿಯಾದ ಶಿಸ್ತು, ಎಲ್ಲ ಸಮುದಾಯಗಳಿಗೂ ಒಗ್ಗುವಂಥದ್ದಲ್ಲ ಎಂದು ನನಗನಿಸುತ್ತದೆ.

ಪೈಥಾನಿನ ಪ್ಯಾಕೇಜ್ ನಿರ್ವಾಹಕ ಪಿಪ್ ಅಂತೂ 2020ರ ನವೆಂಬರ್ ಕೊನೆಯವರೆಗೂ ಮೊದಲು ಕಂಡ ಷರತ್ತನ್ನೇ ಹಿಡಿದು, ಆಮೇಲೆ ಬಂದವನ್ನು ಗಾಳಿಗೆ ತೂರುತ್ತಿತ್ತು. 20.3ನೇ ಆವೃತ್ತಿಯ ಹೊಸ ಪರಿಹಾರಕ, ಹೊಂದದಿದ್ದರೆ ಹಿಂದೆ ಸರಿದು ಬೇರೆ ಆವೃತ್ತಿ ನೋಡತೊಡಗಿತು. ಆಗ ಎದುರಾದ ಅಡ್ಡಿ ತರ್ಕದ್ದಲ್ಲ. ಪ್ಯಾಕೇಜಿಗೆ ಏನೇನು ಬೇಕೆಂಬ ಚೀಟಿ ಆ ಪ್ಯಾಕೇಜಿನ ಹೊಟ್ಟೆಯೊಳಗೇ ಇತ್ತು. ಅದನ್ನು ಓದಲು ಪೂರ್ತಿ ಕಡತ ಇಳಿಸಬೇಕಿತ್ತು, ಕೆಲವು ಸಲ ಅದರ ಸೆಟಪ್ ಕಡತವನ್ನೇ ಓಡಿಸಬೇಕಿತ್ತು. ಒಂದೇ ಪ್ಯಾಕೇಜಿನ ಹತ್ತಾರು ಹಳೆಯ ಆವೃತ್ತಿಗಳು ಒಂದರ ಹಿಂದೊಂದು ಇಳಿಯುವುದನ್ನು ಜನ ತೆರೆಯ ಮೇಲೆ ನೋಡುತ್ತ ಕೂರಬೇಕಾಯಿತು. ಚೀಟಿಯನ್ನು ಮಾತ್ರ ಪ್ರತ್ಯೇಕವಾಗಿ ಕೊಡುವ ಏರ್ಪಾಡು ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪಿವೈಪಿಐಗೆ ಬಂದದ್ದು 2023ರಲ್ಲಿ.