ಹಂಪಿಯಲ್ಲಿ ತಿಂದ ಇಡ್ಲಿಯೂ ರಫ್ತೇ!

ರಫ್ತು ಅಂದ ಕೂಡಲೇ ನಮಗೆ ನೆನಪಾಗೋದು ಮಂಗಳೂರು ಬಂದರು, ಕಂಟೇನರ್, ಕಾಫಿ ಮೂಟೆ. ಆದರೆ ಜರ್ಮನಿಯಿಂದ ಬಂದ ಪ್ರವಾಸಿಯೊಬ್ಬ ಹಂಪಿಯಲ್ಲಿ ಇಡ್ಲಿ ತಿಂದು ದುಡ್ಡು ಕೊಟ್ಟರೆ, ಲೆಕ್ಕದಲ್ಲಿ ಅದೂ ಭಾರತದ ರಫ್ತೇ. ಸರಕು ಗಡಿ ದಾಟಲಿಲ್ಲ, ಗಿರಾಕಿಯೇ ದಾಟಿ ಬಂದ, ಅಷ್ಟೇ ವ್ಯತ್ಯಾಸ.

ಕಾಫಿ ಮೂಟೆಯ ಮೇಲೆ ಸುಂಕ ಹಾಕಬಹುದು. ಪ್ರವಾಸೋದ್ಯಮದಲ್ಲಿ ಅಡ್ಡಗೋಡೆ ಅಂದ್ರೆ ಹೆಚ್ಚಾಗಿ ನಿಯಮಗಳು: ಲೈಸೆನ್ಸ್, ವಿದೇಶಿ ಬಂಡವಾಳಕ್ಕೆ ಮಿತಿ, ಗೈಡ್ ಆಗಬೇಕಾದರೆ ಆ ದೇಶದ ಪ್ರಜೆಯೇ ಆಗಿರಬೇಕು ಅನ್ನೋ ಷರತ್ತು. ಇಂಥವನ್ನು ಕಡಿಮೆ ಮಾಡೋಕೆ ಇರುವ ಜಾಗತಿಕ ಒಪ್ಪಂದದ ಹೆಸರು ಗ್ಯಾಟ್ಸ್. ವಿಶ್ವ ವ್ಯಾಪಾರ ಸಂಸ್ಥೆ ಶುರುವಾದ ದಿನವೇ, ಅಂದರೆ 1995ರ ಜನವರಿ 1ರಂದು, ಇದು ಜಾರಿಗೆ ಬಂತು.

ಗ್ಯಾಟ್ಸ್ ಪ್ರಕಾರ ಸೇವೆ ಗಡಿ ದಾಟೋಕೆ ನಾಲ್ಕು ದಾರಿ:

1. ಸೇವೆಯೇ ದಾಟುತ್ತೆ. ಆಮ್‌ಸ್ಟರ್‌ಡ್ಯಾಮ್‌ನ ಬುಕ್ಕಿಂಗ್ ಡಾಟ್ ಕಾಮ್ ಮೂಲಕ ಕೊಡಗಿನ ಹೋಮ್‌ಸ್ಟೇ ರೂಮ್ ಮಾರುವುದು.
2. ಗಿರಾಕಿ ದಾಟುತ್ತಾನೆ. ನಮ್ಮ ಇಡ್ಲಿ ಕಥೆ.
3. ಕಂಪನಿ ದಾಟುತ್ತೆ. ವಿದೇಶಿ ಹೋಟೆಲ್ ಕಂಪನಿ ಬೆಂಗಳೂರಲ್ಲಿ ಬಂಡವಾಳ ಹಾಕುವುದು.
4. ಕೆಲಸಗಾರ ದಾಟುತ್ತಾನೆ. ಉಡುಪಿಯ ಬಾಣಸಿಗ ಒಂದಷ್ಟು ಕಾಲ ಮೆಲ್ಬರ್ನ್‌ನಲ್ಲಿ ಅಡುಗೆ ಮಾಡುವುದು.

ಪ್ರತಿ ದೇಶವೂ ಯಾವ ಸೇವೆಯಲ್ಲಿ ಯಾವ ದಾರಿಯನ್ನು ಎಷ್ಟು ತೆರೆಯುತ್ತೇನೆ ಅಂತ ಪಟ್ಟಿ ಬರೆದುಕೊಡುತ್ತೆ. 125ಕ್ಕೂ ಹೆಚ್ಚು ಸದಸ್ಯರು ಪ್ರವಾಸೋದ್ಯಮದಲ್ಲಿ ಮಾತು ಕೊಟ್ಟಿದ್ದಾರೆ. ಬೇರೆ ಯಾವ ಸೇವೆಗೂ ಇಷ್ಟು ಜನ ಕೊಟ್ಟಿಲ್ಲ.

ಈ ಪಟ್ಟಿಯನ್ನು ನಾವು ಡೇಟಾಶೀಟ್ ಓದೋ ಹಾಗೆ ಓದಬೇಕು. ಟ್ರಾನ್ಸಿಸ್ಟರ್‌ನ ಗೇನ್‌ಗೆ 'ಮಿನಿಮಮ್' ಬೇರೆ, 'ಟಿಪಿಕಲ್' ಬೇರೆ ಇರುತ್ತಲ್ಲ? ಗ್ಯಾರಂಟಿ ಇರೋದು ಮಿನಿಮಮ್‌ಗೆ ಮಾತ್ರ. ಭಾರತ ತನ್ನ ಮೂಲ ಪಟ್ಟಿಯಲ್ಲಿ ಹೋಟೆಲ್‌ಗಳಿಗೆ ಒಪ್ಪಿದ ವಿದೇಶಿ ಪಾಲು 51%. ಇವತ್ತು ವಾಸ್ತವದಲ್ಲಿ 100% ಬಿಡುತ್ತಿದ್ದೇವೆ. ಆ ಅಂತರವೇ ಸರ್ಕಾರದ ಕೈಯಲ್ಲಿರುವ ಮಾರ್ಜಿನ್. ನಾಳೆ ಹಿಂದೆ ಸರಿಯಬೇಕಾಗಿ ಬಂದರೆ ಗ್ಯಾಟ್ಸ್ ಪಟ್ಟಿ ಮುರಿಯದೆ 51ರ ತನಕ ಸರಿಯಬಹುದು. ಹೂಡಿಕೆದಾರನಿಗೆ ಅದೇ ಅನಿಶ್ಚಿತತೆ. ಹಾಗಾಗಿ ವ್ಯಾಪಾರ ಮಾತುಕತೆಗಳಲ್ಲಿ ಜಗ್ಗಾಟ ನಡೆಯೋದು ಗೋಡೆ ಕೆಡವೋಕೆ ಮಾತ್ರ ಅಲ್ಲ, ಈಗಾಗಲೇ ಕೆಡವಿದ್ದನ್ನು ಮತ್ತೆ ಕಟ್ಟೋದಿಲ್ಲ ಅಂತ ಬರೆಸಿಕೊಳ್ಳೋಕೂ ಹೌದು.

ಮೂರನೇ ದಾರಿ ಇಷ್ಟು ಅಗಲವಾದರೂ ನಾಲ್ಕನೆಯದು ಇವತ್ತಿಗೂ ಓಣಿಯೇ. ದುಡ್ಡು ಬರಲಿ ಅನ್ನೋ ದೇಶಗಳು ದುಡಿಯೋ ಕೈ ಬರ್ತೀನಿ ಅಂದಾಗ 'ಸ್ಥಳೀಯರು ಸಿಗಲಿಲ್ಲವೇ?' ಅಂತ ಪರೀಕ್ಷೆ ಇಡುತ್ತವೆ. ಇದಕ್ಕೇ ಭಾರತ ಎರಡು ದೇಶಗಳ ನಡುವಿನ ಒಪ್ಪಂದಗಳಲ್ಲಿ ದಾರಿ ಹುಡುಕುತ್ತೆ. 2022ರ ಡಿಸೆಂಬರ್ 29ರಂದು ಜಾರಿಯಾದ ಆಸ್ಟ್ರೇಲಿಯಾ ಒಪ್ಪಂದದಲ್ಲಿ ಭಾರತೀಯ ಬಾಣಸಿಗರು ಮತ್ತು ಯೋಗ ಶಿಕ್ಷಕರಿಗೆ ಸೇರಿ ವರ್ಷಕ್ಕೆ 1,800 ಜಾಗ ಸಿಕ್ಕಿದೆ. ಅಷ್ಟು ದೊಡ್ಡ ದೇಶಕ್ಕೆ ಇದು ಚಿಕ್ಕ ಸಂಖ್ಯೆ. ಆದರೂ ಬಾಗಿಲು ಸ್ವಲ್ಪ ತೆರೆದಿದೆ.

ಹಾಗಂತ ಎಲ್ಲ ಗೋಡೆಯೂ ಕೆಟ್ಟದ್ದಲ್ಲ. ಯಾವ ಮಿತಿಯೂ ಇಲ್ಲದೆ ಮಾತು ಕೊಟ್ಟ ದೇಶ, ಮುಂದೆ ಒಂದು ಊರಲ್ಲಿ ಇಷ್ಟೇ ಹೋಟೆಲ್ ಸಾಕು ಅಂತ ಸಂಖ್ಯೆ ಕಟ್ಟಿದರೆ ಅದು ಒಪ್ಪಂದಕ್ಕೆ ಅಡ್ಡ ಬರುತ್ತೆ. ನೀರು, ಕಸ, ಬೆಟ್ಟದ ಇಳಿಜಾರು ಎಷ್ಟು ತಡೆಯುತ್ತೆ ಅನ್ನೋದನ್ನ ಸಹಿ ಹಾಕುವ ಮೊದಲೇ ಲೆಕ್ಕ ಹಾಕಿ, ಬೇಕಾದ ಷರತ್ತನ್ನು ಪಟ್ಟಿಯಲ್ಲೇ ಬರೆದಿಡಬೇಕು. ಲೋಡ್ ನೋಡದೆ ಕಂಬ ಡಿಸೈನ್ ಮಾಡಬಾರದು ಅಂತ ಸಿವಿಲ್‌ನವರಿಗೆ ಹೇಳಿಕೊಡಬೇಕೇ?

ಮುಂದಿನ ಸಲ ಪೇಪರಲ್ಲಿ ಹೊಸ ವ್ಯಾಪಾರ ಒಪ್ಪಂದದ ಸುದ್ದಿ ಕಂಡರೆ ಎರಡು ಪ್ರಶ್ನೆ ಕೇಳಿ: ನಾಲ್ಕರಲ್ಲಿ ಯಾವ ದಾರಿ ತೆರೆದರು? ಬರೆದುಕೊಟ್ಟದ್ದೆಷ್ಟು, ಬಾಯಿಮಾತು ಎಷ್ಟು?