ಮನೆಮನೆಯ ನಾದದಾಸೋಹ

ಶಿಲ್ಪಿಯ ಶ್ರಮ ಕಲ್ಲಿನಲ್ಲಿ ನಿಲ್ಲುತ್ತದೆ. ಕವಿಯ ಶ್ರಮ ಓಲೆಗರಿಯಲ್ಲಿ ಉಳಿಯುತ್ತದೆ. ಗಾಯಕನ ಶ್ರಮಕ್ಕೆ ಮಾತ್ರ ಬಹುಕಾಲ ಕೇಳಿದವರ ನೆನಪೊಂದೇ ಆಶ್ರಯವಾಗಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಕಂಠವನ್ನು ಗ್ರಾಮಫೋನ್ ಕಂಪನಿಯವರು ತಟ್ಟೆಗಿಳಿಸಿದಂದಿನಿಂದ ನಮ್ಮ ದೇಶದ ಸಂಗೀತಕ್ಕೆ ಇನ್ನೊಂದು ಆಶ್ರಯ ದೊರೆಯಿತು. ಆದರೆ ಮುದ್ರಣಗೊಂಡ ಹಾಡು ತಾನಾಗಿ ಬದುಕುವುದಿಲ್ಲ. ಅದನ್ನು ನುಡಿಸಬೇಕು, ಆಲಿಸಬೇಕು, ಮತ್ತೊಬ್ಬರ ಕಿವಿಗೆ ಮುಟ್ಟಿಸಬೇಕು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಸಂಗೀತವು ಕಣಜದಲ್ಲಿ ಮುಗ್ಗಿದ ಕಾಳಿನಂತೆ: ಇದ್ದೂ ಇಲ್ಲ.

ನಾವು ಸಂಡೂರು ತಾಲ್ಲೂಕಿನ ಬಂಡ್ರಿಯವರು. ಅದಿರಿನ ನಾಡು ಎಂದೇ ಹೊರಗಿನವರು ನಮ್ಮ ಸೀಮೆಯನ್ನು ಗುರುತಿಸುತ್ತಾರೆ. ಧಾರವಾಡ, ಹುಬ್ಬಳ್ಳಿ, ಗದಗಗಳಿಗೆ ಸಂಗೀತದ ಕೀರ್ತಿ. ನಮಗೆ ಗಣಿಯ ಧೂಳು ಎಂದು ನಾವೂ ಒಪ್ಪಿಕೊಂಡುಬಿಟ್ಟಂತಿದೆ. ಆದರೆ ಸಂಗೀತದ ಇತಿಹಾಸವು ಬೇರೆ ಮಾತನ್ನು ಹೇಳುತ್ತದೆ.

1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ 600ನೆಯ ವರ್ಷದ ಉತ್ಸವ ಜರುಗಿತು. ಅಲ್ಲಿ ಹದಿನಾರರ ಹರೆಯದ ಒಬ್ಬ ತರುಣ ಹಾಡಲು ಕುಳಿತ. ಆತನಿಗೆ ತಬಲಾ ಸಾಥಿ ನೀಡಿದವರು ಸ್ವತಃ ಗುರುಗಳಾದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಆ ತರುಣನೇ ಮುಂದೆ ಪದ್ಮಭೂಷಣ ಪುರಸ್ಕೃತರಾದ ಪಂಡಿತ ಬಸವರಾಜ ರಾಜಗುರು. ಕುಂದಗೋಳ ತಾಲ್ಲೂಕಿನ ಯಲಿವಾಳದಲ್ಲಿ 1920ರಲ್ಲಿ ಜನಿಸಿದ ಅವರ ಕೀರ್ತಿಯ ಮೊದಲ ಮೆಟ್ಟಿಲು ನಮ್ಮ ನೆರೆಯ ಹಂಪಿಯೇ ಆಯಿತು. ಅಂದು ಕೇಳಿದ ಪೀಳಿಗೆ ಈಗ ಮರೆಯಾಗಿದೆ. ರಾಜಗುರುಗಳೂ 1991ರಲ್ಲಿ ಲಿಂಗೈಕ್ಯರಾದರು. ಉಳಿದಿರುವುದು ಅವರ ಧ್ವನಿಮುದ್ರಣಗಳು. ಖಯಾಲು, ಠುಮರಿ, ರಂಗಗೀತೆ, ವಚನ ಎಲ್ಲವನ್ನೂ ಒಂದೇ ಅಧಿಕಾರದಿಂದ ಹಾಡಿದ ಆ ಕಂಠವನ್ನು ನಮ್ಮ ಎಷ್ಟು ಮನೆಗಳ ಮಕ್ಕಳು ಕೇಳಿದ್ದಾರೆ?

ಇನ್ನೂ ಸಮೀಪದ ಉದಾಹರಣೆಯೊಂದಿದೆ. ಪಂಡಿತ ವೆಂಕಟೇಶಕುಮಾರರು 1953ರಲ್ಲಿ ನಮ್ಮ ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ ಜನಿಸಿದವರು. ತಂದೆ ಹುಲೆಪ್ಪನವರು ಜಾನಪದ ಗಾಯಕರು, ತೊಗಲುಗೊಂಬೆಯವರು. ಸೋದರಮಾವ ಬೆಳಗಲ್ಲು ವೀರಣ್ಣನವರು ಬಾಲಕನನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಒಪ್ಪಿಸಿದರು. ಪುಟ್ಟರಾಜ ಗವಾಯಿಗಳ ಬಳಿ ಸುಮಾರು 12 ವರ್ಷ ಕಲಿತ ಆ ಬಾಲಕನಿಗೆ 2016ರಲ್ಲಿ ಪದ್ಮಶ್ರೀ ಸಂದಿತು. ಆ ಆಶ್ರಮವಾದರೂ ಎಂತಹದು! ಹುಟ್ಟುಗುರುಡನಾದ ಬಾಲಕನ ಕಂಠದಲ್ಲಿ ವಿದ್ಯೆಯ ಬೀಜವನ್ನು ಕಂಡು ಪೋಷಿಸಿದವರು ಹಾನಗಲ್ಲ ಕುಮಾರ ಶಿವಯೋಗಿಗಳು. ಆ ಬಾಲಕ ಪಂಚಾಕ್ಷರಿ ಗವಾಯಿಗಳಾಗಿ ಬೆಳೆದು, ತಾವು ಪಡೆದುದನ್ನು ಅಂಧರಿಗೂ ಅನಾಥರಿಗೂ ಅನ್ನದೊಂದಿಗೆ ಬಡಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜರು ಆ ಹೊಣೆಯನ್ನು 2010ರವರೆಗೆ ಹೊತ್ತರು. ಅಲ್ಲಿ ಅನ್ನದಾಸೋಹವೂ ನಾದದಾಸೋಹವೂ ಒಂದೇ ಪಂಕ್ತಿಯಲ್ಲಿ ನಡೆದುಬಂದಿವೆ.

ದಾಸೋಹದ ಧರ್ಮ ಕೂಡಿಡುವುದಲ್ಲ, ಹಂಚುವುದು. ಈ ಧರ್ಮವನ್ನು ನಾವು ಕೇಳುವ ಸಂಗೀತಕ್ಕೂ ಏಕೆ ಅನ್ವಯಿಸಬಾರದು? ಈ ವಿಚಾರದಿಂದ ಬಂಡ್ರಿಯ ನಾವು ಕೆಲವು ಮನೆಯವರು ಒಂದು ಸಣ್ಣ ನೇಮವನ್ನು ಹಿಡಿದಿದ್ದೇವೆ. ದಿನಕ್ಕೊಂದು ಮನೆಯವರು ಹೆಚ್ಚು ಜನ ಕೇಳದ ಒಂದು ಧ್ವನಿಮುದ್ರಣವನ್ನು ಆರಿಸುವುದು. ಬೆಳಗಿನ ಪೂಜೆಯ ಬಳಿಕವೋ ರಾತ್ರಿಯ ಊಟದ ತರುವಾಯವೋ ಮನೆಮಂದಿಯೆಲ್ಲ ಕುಳಿತು ಕೇಳುವುದು. ಕೇಳಿದುದನ್ನು ಉಳಿದ ಮನೆಗಳಿಗೆ ಎರಡು ಮಾತಿನ ಪರಿಚಯದೊಂದಿಗೆ ತಿಳಿಸುವುದು. ಯಾರು ಹಾಡಿದರು, ಯಾವ ರಾಗ, ಯಾವುದಕ್ಕೆ ಕಿವಿಗೊಡಬೇಕು: ಇಷ್ಟೇ. ವಿಮರ್ಶೆ, ವಾದ ಬೇಕಿಲ್ಲ.

ಹೆಸರಾಂತ ಗಾಯಕರನ್ನು ಬಿಡಬೇಕೆಂದಲ್ಲ. ಹೆಸರಾಂತರಲ್ಲಿಯೂ ಹೆಚ್ಚು ಕೇಳದ ಭಾಗಗಳಿವೆ. ಪಂಡಿತ ಮಲ್ಲಿಕಾರ್ಜುನ ಮನಸೂರರನ್ನೇ ನೋಡಿ. ನೀಲಕಂಠಬುವಾ ಅವರಲ್ಲಿ ಮೊದಲು ಕಲಿತು, ಆಮೇಲೆ ಮಂಜಿಖಾನ್, ಬುರ್ಜಿಖಾನ್ ಸೋದರರಿಂದ ಜೈಪುರ-ಅತ್ರೌಲಿ ಘರಾಣೆಯ ವಿದ್ಯೆ ಪಡೆದ ಅವರ ವಚನಗಳನ್ನು ನಮ್ಮ ಮನೆಗಳು ಬಲ್ಲವು. ಅವರ ಅಪ್ರಚಲಿತ ರಾಗಗಳ ಧ್ವನಿಮುದ್ರಣಗಳನ್ನು ಬಲ್ಲವರು ಕಡಿಮೆ. ಮಾಲಕಂಸ ರಾಗದಲ್ಲಿ ರಿಷಭ, ಪಂಚಮಗಳಿಲ್ಲ, ಐದೇ ಸ್ವರಗಳು. ಮನಸೂರರು ಹಾಡುತ್ತಿದ್ದ ಸಂಪೂರ್ಣ ಮಾಲಕಂಸದಲ್ಲಿ ಆ ಎರಡು ಸ್ವರಗಳೂ ಬಂದು ಸೇರುತ್ತವೆ. ಒಂದರ ಹಿಂದೆ ಒಂದನ್ನು ಕೇಳಿಸಿದರೆ, ಸಂಗೀತವನ್ನು ಕಲಿಯದ ಗೃಹಿಣಿಯೂ ಶಾಲೆಗೆ ಹೋಗುವ ಬಾಲಕನೂ ವ್ಯತ್ಯಾಸವನ್ನು ತಾವಾಗಿಯೇ ಗುರುತಿಸುತ್ತಾರೆ. ರಾಗಲಕ್ಷಣವನ್ನು ಕಂಠಪಾಠ ಮಾಡಿಸುವುದಕ್ಕಿಂತ ಇದು ಮೇಲು.

78 ಸುತ್ತಿನ ಹಳೆಯ ತಟ್ಟೆಗಳನ್ನೂ ಹೀಗೆಯೇ ಆಲಿಸಬೇಕು. ಅವುಗಳ ಒಂದು ಬದಿಗೆ ಸುಮಾರು ಮೂರು ನಿಮಿಷಗಳಷ್ಟೇ ಅವಕಾಶ. ಗಂಟೆಗಟ್ಟಲೆ ವಿಸ್ತರಿಸಬಲ್ಲ ರಾಗವನ್ನು ಗಾಯಕರು ಆ ಮೂರು ನಿಮಿಷಗಳಲ್ಲಿ ಆಕಾರಗೆಡದಂತೆ ಇಳಿಸಬೇಕಾಗಿತ್ತು. ಸೂಜಿಯ ಕರಕರ ಸದ್ದು ಮೊದಲಿಗೆ ಕಿವಿಗೆ ತೊಡಕೆನಿಸುತ್ತದೆ. ನಾಲ್ಕು ದಿನ ಕೇಳಿದರೆ, ಮಳೆಯ ಸದ್ದಿನ ನಡುವೆ ಬಲ್ಲವರ ದನಿಯನ್ನು ಗುರುತಿಸುವಂತೆ, ಕಿವಿ ಹಾಡನ್ನು ಬೇರ್ಪಡಿಸಿಕೊಳ್ಳುತ್ತದೆ. ಹಾಗೆಯೇ ನಮ್ಮ ನೆರೆಯ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನಗಳು. ಅವರ ಹೆಸರಿನ ರಂಗಮಂದಿರ ರಾಯಚೂರಿನಲ್ಲಿದೆ. ಅವರ ಕಂಠವೂ ನಮ್ಮ ಮನೆಗಳಲ್ಲಿರಬೇಕು.

ಇಲ್ಲಿ ಒಂದು ಆತಂಕದ ಸಂಗತಿಯನ್ನು ಹೇಳಲೇಬೇಕು. ಕಂಪನಿಗಳು ಹೊರತಂದ ತಟ್ಟೆಗಳ ಪ್ರತಿಗಳು ಹಲವೆಡೆ ಇರುತ್ತವೆ. ಒಂದು ಹೋದರೆ ಇನ್ನೊಂದು ದೊರೆತೀತು. ಆದರೆ ಜಾತ್ರೆ, ಪುರಾಣ ಮಂಗಲ, ಶ್ರಾವಣದ ಕಾರ್ಯಕ್ರಮಗಳಲ್ಲಿ ಭಕ್ತರು ತಮ್ಮ ಟೇಪ್‌ರೆಕಾರ್ಡರುಗಳಲ್ಲಿ ಹಿಡಿದಿಟ್ಟ ಹಾಡುಗಳಿಗೆ ಅದೊಂದೇ ಪ್ರತಿ. ಊರೂರು ತಿರುಗಿ ಹಾಡಿದ ಎಷ್ಟೋ ಗವಾಯಿಗಳ ಕಂಠ ಉಳಿದಿದ್ದರೆ ಅಂತಹ ಕ್ಯಾಸೆಟ್ಟಿನಲ್ಲಿ ಮಾತ್ರ. ಬಿಸಿಲು, ತೇವ, ಧೂಳುಗಳಿಂದ ಆ ಪಟ್ಟಿಯ ಮೇಲಿನ ಲೇಪ ವರುಷ ವರುಷವೂ ಸವೆಯುತ್ತಿದೆ. ಹೊರಗೆ ಹೆಸರು ಬರೆಯದಿದ್ದರಂತೂ ಹಾಡು ಉಳಿದರೂ ಹಾಡಿದವರು ಅನಾಮಧೇಯರಾಗುತ್ತಾರೆ. ಆ ದನಿಯನ್ನು ಗುರುತಿಸಬಲ್ಲ ಹಿರಿಯರು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದಾರೆ.

ಆದುದರಿಂದ ಸದ್ಭಕ್ತ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಅಟ್ಟದ ಮೇಲಿನ, ಗೂಡಿನೊಳಗಿನ ಕ್ಯಾಸೆಟ್ಟುಗಳನ್ನು ಕೆಳಗಿಳಿಸಿರಿ. ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿರಿ. ಆಗ ಯಾರೂ ಅದರ ಮೇಲೆ ಅರಿಯದೆ ಬೇರೊಂದನ್ನು ಮುದ್ರಿಸಲಾರರು. ಸ್ಪೀಕರು, ಮೋಟಾರುಗಳಂತಹ ಅಯಸ್ಕಾಂತವುಳ್ಳ ವಸ್ತುಗಳಿಂದ ದೂರವಿಡಿರಿ. ಪದೇ ಪದೇ ನುಡಿಸದೆ, ಬಲ್ಲವರಿಂದ ಒಮ್ಮೆ ಕಂಪ್ಯೂಟರಿಗೆ ಇಳಿಸಿ, ಎರಡು ಕಡೆ ಪ್ರತಿ ಮಾಡಿಡಿರಿ. ಮನೆಯ ಹಿರಿಯರನ್ನು ಕುಳ್ಳಿರಿಸಿ ಕೇಳಿಸಿರಿ. ಗಾಯಕರ ಹೆಸರು, ಸಾಥಿದಾರರು, ಊರು, ವರ್ಷ ಅವರ ಬಾಯಿಂದ ಬಂದಂತೆ ಬರೆದಿಡಿರಿ. ಮಾರಾಟಕ್ಕೆ ಬಂದ ಧ್ವನಿಮುದ್ರಣಗಳಿಗೆ ನಮ್ಮ ಕಾನೂನಿನಂತೆ ಪ್ರಕಟಣೆಯ ಮರುವರ್ಷದಿಂದ 60 ವರ್ಷಗಳ ಹಕ್ಕುಸ್ವಾಮ್ಯವಿದೆ. ಅಂತಹವನ್ನು ಕೊಂಡು ಒಟ್ಟಿಗೆ ಕುಳಿತು ಕೇಳುವುದೇ ಉಚಿತ.

ನಮ್ಮ ನೇಮದಿಂದ ಮನೆಗಳು ಸಂಗೀತಶಾಲೆಗಳಾಗಿಲ್ಲ. ಕೆಲವರು ನಡುವೆ ಎದ್ದು ಹೋಗುತ್ತಾರೆ. ಮಕ್ಕಳು ಆಕಳಿಸುವುದೂ ಉಂಟು. ಆದರೂ ಒಂದು ಹೆಸರು ಕೇಳಿದೊಡನೆ ‘ಇವರದು ಆ ದಿನ ಕೇಳಿದ್ದೆವಲ್ಲ’ ಎನ್ನುವ ಕಿರಿಯರು ಈಗ ನಮ್ಮ ನಡುವೆ ಇದ್ದಾರೆ. ಹಾಡಿದವರು ಹೋದ ಮೇಲೆ ಅವರ ಹೆಸರು ಹಿಡಿದು ಕೇಳುವವರು ಊರಿಗೆ ನಾಲ್ವರಾದರೂ ಉಳಿದರೆ ಆ ಜೀವಗಳು ಪಟ್ಟ ಸಾಧನೆ ವ್ಯರ್ಥವಾಗದು. ಅದಕ್ಕೆ ಬೇಕಾದುದು ದಿನಕ್ಕೆ ಹತ್ತು ನಿಮಿಷ. ಅಷ್ಟನ್ನು ಎಂತಹ ದುಡಿಯುವ ಮನೆಯೂ ಕೊಡಬಲ್ಲದು.