ಲಾರಿಗೆ ಎಷ್ಟು ಆಕ್ಟೇನ್ ಬೇಕು?

ಕೆಲವು ಪೆಟ್ರೋಲ್ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲಿನ ಜೊತೆಗೆ 100 ಆಕ್ಟೇನಿನ ದುಬಾರಿ ಪೆಟ್ರೋಲನ್ನೂ ಮಾರುವುದನ್ನು ನೀವು ನೋಡಿರಬಹುದು. ಆಕ್ಟೇನ್ ಹೆಚ್ಚಾದಷ್ಟೂ ಇಂಧನದ ‘ಶಕ್ತಿ’ ಹೆಚ್ಚು ಎಂಬುದು ಹಲವರ ನಂಬಿಕೆ. ಹಾಗಾದರೆ ಹತ್ತು ಟನ್ ಹೊರೆ ಸಾಗಿಸುವ ಲಾರಿಗೆ ಎಷ್ಟು ಆಕ್ಟೇನಿನ ಇಂಧನ ಬೇಕು? ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ. ‘100’ ಎಂದು ಹೇಳುವವರೇ ಹೆಚ್ಚು. ಆದರೆ ನಮ್ಮ ಲಾರಿಗಳಲ್ಲಿ ಬಹುಪಾಲು ಡೀಸೆಲ್ಲಿನಿಂದ ಓಡುತ್ತವೆ. ಅವುಗಳಿಗೆ ಈ ಪ್ರಶ್ನೆಯೇ ಅನ್ವಯಿಸದು. ಏಕೆಂದು ತಿಳಿಯಬೇಕಾದರೆ ಆಕ್ಟೇನ್ ಸಂಖ್ಯೆ ಏನನ್ನು ಅಳೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಪೆಟ್ರೋಲ್ ಎಂಜಿನ್ನಿನಲ್ಲಿ ನಾಕಿಂಗ್

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣವನ್ನು ಪಿಸ್ಟನ್ ಒತ್ತಿ ಕುಗ್ಗಿಸುತ್ತದೆ. ಸ್ಪಾರ್ಕ್ ಪ್ಲಗ್ಗಿನ ಕಿಡಿ ಅದನ್ನು ಹೊತ್ತಿಸುತ್ತದೆ. ಜ್ವಾಲೆ ಕಿಡಿಯ ಬಳಿಯಿಂದ ಹೊರಟು ಕ್ರಮವಾಗಿ ಹರಡಬೇಕು. ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದ ಮಿಶ್ರಣ ಹೆಚ್ಚುತ್ತಿರುವ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಜ್ವಾಲೆ ತಲಪುವ ಮೊದಲೇ ಅದು ತಾನಾಗಿ ಹೊತ್ತಿಕೊಂಡರೆ ಒತ್ತಡ ಒಮ್ಮೆಲೇ ಏರುತ್ತದೆ. ಲೋಹವನ್ನು ಬಡಿದಂಥ ಸದ್ದು ಕೇಳಿಸುತ್ತದೆ. ಇದೇ ನಾಕಿಂಗ್. ಇದು ತೀವ್ರವಾಗಿ ಮುಂದುವರಿದರೆ ಪಿಸ್ಟನ್ನಿಗೆ ಹಾನಿಯಾಗುತ್ತದೆ.

ಹೀಗೆ ತಾನಾಗಿ ಹೊತ್ತಿಕೊಳ್ಳುವುದನ್ನು ಇಂಧನ ಎಷ್ಟರಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದನ್ನು ಆಕ್ಟೇನ್ ಸಂಖ್ಯೆ ತಿಳಿಸುತ್ತದೆ. ಸುಲಭವಾಗಿ ನಾಕಿಂಗ್ ಉಂಟುಮಾಡುವ ಹೆಪ್ಟೇನಿಗೆ 0, ಅದನ್ನು ಚೆನ್ನಾಗಿ ತಡೆಯುವ ಐಸೊಆಕ್ಟೇನಿಗೆ 100 ಎಂದು ಗೊತ್ತುಪಡಿಸಲಾಗಿದೆ. 90 ಭಾಗ ಐಸೊಆಕ್ಟೇನ್ ಮತ್ತು 10 ಭಾಗ ಹೆಪ್ಟೇನ್ ಸೇರಿದ ಮಿಶ್ರಣದಂತೆ ವರ್ತಿಸುವ ಪೆಟ್ರೋಲಿನ ಆಕ್ಟೇನ್ 90.

ಈ ಅಳತೆಯಲ್ಲಿ ಶಕ್ತಿಯ ಮಾತೇ ಇಲ್ಲ ಎಂಬುದನ್ನು ಗಮನಿಸಿ. ಎಥನಾಲಿನ ಆಕ್ಟೇನ್ ಸುಮಾರು 108. ಆದರೆ ಒಂದು ಕಿಲೋಗ್ರಾಂ ಪೆಟ್ರೋಲ್ ಉರಿದಾಗ ಸುಮಾರು 44 ಮೆಗಾಜೌಲ್ ಶಕ್ತಿ ಸಿಕ್ಕರೆ, ಅಷ್ಟೇ ಎಥನಾಲಿನಿಂದ ಸಿಗುವುದು ಸುಮಾರು 27 ಮೆಗಾಜೌಲ್ ಮಾತ್ರ.

ಒತ್ತಿದಷ್ಟೂ ಬಿಸಿ

ಹೆಚ್ಚು ಆಕ್ಟೇನ್ ಯಾರಿಗೆ ಬೇಕು? ಮಿಶ್ರಣವನ್ನು ಹೆಚ್ಚು ಒತ್ತುವ ಎಂಜಿನ್ನಿಗೆ. ಸಿಲಿಂಡರಿನಲ್ಲಿ ಪಿಸ್ಟನ್ನಿನ ಮೇಲಿರುವ ಗಾತ್ರ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದೇ ಸಂಪೀಡನ ಅನುಪಾತ. ಉಷ್ಣ ಹೊರಹೋಗದಂತೆ ಗಾಳಿಯನ್ನು ಒತ್ತಿದಾಗ, ಕೆಲ್ವಿನ್ನಿನಲ್ಲಿರುವ ಮೊದಲಿನ ಉಷ್ಣತೆಯನ್ನು ಈ ಅನುಪಾತದ 0.4ನೇ ಘಾತದಿಂದ ಗುಣಿಸಿದರೆ ಕೊನೆಯ ಉಷ್ಣತೆ ಸಿಗುತ್ತದೆ. 300 ಕೆಲ್ವಿನ್ನಿನ ಗಾಳಿಯನ್ನು 10 ಪಟ್ಟು ಕುಗ್ಗಿಸಿದರೆ ಸುಮಾರು 754 ಕೆಲ್ವಿನ್, ಅಂದರೆ 480 ಡಿಗ್ರಿ ಸೆಲ್ಸಿಯಸ್. 17 ಪಟ್ಟು ಕುಗ್ಗಿಸಿದರೆ ಸುಮಾರು 932 ಕೆಲ್ವಿನ್, ಅಂದರೆ 660 ಡಿಗ್ರಿ. ನಿಜವಾದ ಎಂಜಿನ್ನಿನಲ್ಲಿ ಸ್ವಲ್ಪ ಉಷ್ಣ ಸೋರುವುದರಿಂದ ಇದಕ್ಕಿಂತ ಕಡಿಮೆ ಇರುತ್ತದೆ.

ಮೊದಲನೆಯದು ಪೆಟ್ರೋಲ್ ಎಂಜಿನ್ನಿನ ಲೆಕ್ಕ, ಎರಡನೆಯದು ಲಾರಿಯ ಡೀಸೆಲ್ ಎಂಜಿನ್ನಿನದು. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಅದು ಗಾಳಿಯನ್ನಷ್ಟೇ ಒತ್ತಿ ಕಾಯಿಸುತ್ತದೆ. ಸಂಪೀಡನದ ಕೊನೆಯಲ್ಲಿ ಸಿಂಪಡಿಸಿದ ಡೀಸೆಲ್ ಕೂಡಲೇ ತಾನಾಗಿ ಹೊತ್ತಿಕೊಳ್ಳಬೇಕು. ತಡವಾದರೆ ಇಂಧನ ಶೇಖರವಾಗಿ ಒಟ್ಟಿಗೇ ಉರಿಯುತ್ತದೆ, ಎಂಜಿನ್ ಗಡಸಾಗಿ ಸದ್ದು ಮಾಡುತ್ತದೆ. ಪೆಟ್ರೋಲಿನಲ್ಲಿ ದೋಷವಾದ ಗುಣವೇ ಇಲ್ಲಿ ಬೇಕಾದ ಗುಣ! ಇದನ್ನು ಅಳೆಯುವುದು ಸೀಟೇನ್ ಸಂಖ್ಯೆ. ನಮ್ಮ ಭಾರತ್ ಸ್ಟೇಜ್-6 ಡೀಸೆಲ್ಲಿನಲ್ಲಿ ಅದು ಕನಿಷ್ಠ 51 ಇರಬೇಕು.

ಸಾಮಾನ್ಯವಾಗಿ ಆಕ್ಟೇನ್ ಹೆಚ್ಚಿರುವ ಇಂಧನದ ಸೀಟೇನ್ ಕಡಿಮೆ. ಆದ್ದರಿಂದ ಡೀಸೆಲ್ ಲಾರಿಗೆ ಪೆಟ್ರೋಲ್ ತಪ್ಪು ಇಂಧನ. 100 ಆಕ್ಟೇನಿನ ಪೆಟ್ರೋಲ್ ಇನ್ನೂ ತಪ್ಪು. ಇನ್ನೊಂದು ಅಪಾಯವೂ ಇದೆ. ಇಂಧನ ಪಂಪಿನ ಭಾಗಗಳಿಗೆ ಡೀಸೆಲ್ಲೇ ಜಾರೆಣ್ಣೆಯಂತೆ ಕೆಲಸ ಮಾಡುತ್ತದೆ. ಪೆಟ್ರೋಲಿಗೆ ಆ ಗುಣ ಕಡಿಮೆ; ಪಂಪು ಸವೆಯುತ್ತದೆ. ಅಕಸ್ಮಾತ್ ಡೀಸೆಲ್ ವಾಹನಕ್ಕೆ ಪೆಟ್ರೋಲ್ ಹಾಕಿದರೆ ಎಂಜಿನ್ ಚಾಲೂ ಮಾಡದೆ, ಮೆಕ್ಯಾನಿಕ್‌ನಿಂದ ಟ್ಯಾಂಕ್ ಖಾಲಿ ಮಾಡಿಸಬೇಕು.

ಪೆಟ್ರೋಲಿನಿಂದ ಓಡುವ ಟ್ರಕ್ಕುಗಳು

ಟ್ರಕ್ಕಿಗೆ ಎಷ್ಟು ಆಕ್ಟೇನ್ ಎಂಬ ಪ್ರಶ್ನೆ ಅಮೆರಿಕದಲ್ಲಿ ಅರ್ಥಪೂರ್ಣ. ಅಲ್ಲಿ ಜನಬಳಕೆಯಲ್ಲಿ ‘ಟ್ರಕ್’ ಎಂದರೆ ಹೆಚ್ಚಾಗಿ ಪಿಕಪ್ ವಾಹನ. ಅವುಗಳಲ್ಲಿ ಹೆಚ್ಚಿನವು ಪೆಟ್ರೋಲಿನವು. ಅಲ್ಲಿಯ ಬಂಕುಗಳಲ್ಲಿ ಸಾಮಾನ್ಯವಾಗಿ 87, 89 ಮತ್ತು 91 ಅಥವಾ 93 ಎಂಬ ಸಂಖ್ಯೆಗಳು ಕಾಣುತ್ತವೆ. ಅಮೆರಿಕದ 87, ನಮ್ಮ ಅಳತೆಯ 91ಕ್ಕಿಂತ ಕೀಳು ಎಂದು ಭಾವಿಸಬೇಡಿ. ಆಕ್ಟೇನನ್ನು ‘ರಿಸರ್ಚ್’ ಮತ್ತು ‘ಮೋಟರ್’ ಎಂಬ ಎರಡು ವಿಧಾನಗಳಿಂದ ಅಳೆಯುತ್ತಾರೆ. ಎರಡನೆಯದರಲ್ಲಿ ಪರೀಕ್ಷೆ ಕಠಿಣ, ಸಂಖ್ಯೆ ಕಡಿಮೆ. ನಮ್ಮಲ್ಲಿ ರಿಸರ್ಚ್ ಸಂಖ್ಯೆಯನ್ನು ಹೇಳುತ್ತಾರೆ, ಅಮೆರಿಕದಲ್ಲಿ ಎರಡರ ಸರಾಸರಿಯನ್ನು. ಅಲ್ಲಿಯ 87 ಹೆಚ್ಚುಕಡಿಮೆ ಇಲ್ಲಿಯ 91ಕ್ಕೆ ಸಮ.

ಅಲ್ಲಿಯ ಬಹಳಷ್ಟು ಪಿಕಪ್‌ಗಳಿಗೆ 87 ಸಾಕು. ಕೈಪಿಡಿಯಲ್ಲಿ 87 ಎಂದಷ್ಟೇ ಇದ್ದರೆ 93ಕ್ಕೆ ಕೊಟ್ಟ ಹೆಚ್ಚಿನ ಹಣದಿಂದ ಸಾಮಾನ್ಯವಾಗಿ ಲಾಭವಿಲ್ಲ. ಟರ್ಬೊ ಎಂಜಿನ್ನಿನ ವಿಷಯ ಬೇರೆ. ಅದು ಗಾಳಿಯನ್ನು ಮೊದಲೇ ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. ಬೇಸಗೆಯಲ್ಲಿ ಭಾರವಾದ ಟ್ರೇಲರ್ ಎಳೆಯುತ್ತ ಏರು ಹತ್ತುವಾಗ ಉಷ್ಣತೆ, ಒತ್ತಡ ಎರಡೂ ಹೆಚ್ಚುತ್ತವೆ. ನಾಕಿಂಗ್ ಆರಂಭವಾದರೆ ಸಂವೇದಕ ಅದನ್ನು ಗುರುತಿಸಿ, ಕಿಡಿ ಸ್ವಲ್ಪ ತಡವಾಗಿ ಹಾರುವಂತೆ ಮಾಡಲು ನೆರವಾಗುತ್ತದೆ. ಎಂಜಿನ್ ಉಳಿಯುತ್ತದೆ, ಆದರೆ ಎಳೆತ ಕುಗ್ಗುತ್ತದೆ. ಹೆಚ್ಚು ಆಕ್ಟೇನಿನ ಪೆಟ್ರೋಲ್ ಇದ್ದರೆ ಕಿಡಿಯನ್ನು ತಡಮಾಡಬೇಕಾಗಿಲ್ಲ. ಆದ್ದರಿಂದಲೇ ಇಂಥ ಕೆಲವು ಟ್ರಕ್ಕುಗಳ ಕೈಪಿಡಿಯಲ್ಲಿ ಟ್ರೇಲರ್ ಎಳೆಯುವಾಗ 91 ಅಥವಾ ಹೆಚ್ಚಿನದನ್ನು ಹಾಕಿರೆಂಬ ಸಲಹೆ ಇರುತ್ತದೆ.

ಅಂದಮೇಲೆ ಆಕ್ಟೇನ್ ಇಂಧನದ ದರ್ಜೆಯಲ್ಲ, ಎಂಜಿನ್ನಿಗೆ ಹೊಂದಬೇಕಾದ ಒಂದು ಅಳತೆ. ಕೈಪಿಡಿ ಹೇಳುವುದಕ್ಕಿಂತ ಕಡಿಮೆ ಇರಬಾರದು. ಹೆಚ್ಚಾದರೆ ಸಾಮಾನ್ಯವಾಗಿ ಖರ್ಚಷ್ಟೇ. ನಿಮ್ಮ ಮನೆಯ ಅಥವಾ ಶಾಲೆಯ ವಾಹನದ ಇಂಧನ ಟ್ಯಾಂಕಿನ ಮುಚ್ಚಳದ ಬಳಿ ಏನು ಬರೆದಿದೆ ಎಂದು ನೋಡಿ. ಕೈಪಿಡಿಯಲ್ಲಿ ಸಂಪೀಡನ ಅನುಪಾತ ಸಿಕ್ಕರೆ ಮೇಲಿನ ಲೆಕ್ಕವನ್ನು ವಿದ್ಯಾರ್ಥಿಗಳಿಂದ ಮಾಡಿಸಿ. ಆ ವಾಹನಕ್ಕೆ ಬೇಕಾದದ್ದು ಆಕ್ಟೇನೋ ಸೀಟೇನೋ ಎಂಬುದನ್ನು ಅವರೇ ಹೇಳಲಿ.